ಬೇಲಿಯಾಚೆಯ ಸಪ್ಪಳ

ಮಿಷಿಗನ್‌ನ ಪ್ಲಿಮತ್‌ನ ಆಫೀಸಿನಲ್ಲಿ ಕೂತು ಮರುಭೂಮಿಯ ಬಿಸಿಲಿನ ಲೆಕ್ಕ ಇಡುವುದು ನನ್ನ ಕೆಲಸ. ಹೊಸ ಟ್ರಕ್ಕೊಂದು ಮಾರುಕಟ್ಟೆಗೆ ಬರುವ ಮೊದಲು, ಸುಡುಬಿಸಿಲಲ್ಲಿ ತುಂಬು ಭಾರ ಎಳೆದುಕೊಂಡು ಘಾಟಿ ಹತ್ತುವಾಗ ಅದರ ಎಂಜಿನ್ ಕಾದು ನಿಲ್ಲುತ್ತದೋ ಇಲ್ಲವೋ ಎಂದು ಯಾರಾದರೂ ನೋಡಿ ಹೇಳಬೇಕು. ಕಾರು ಕಂಪನಿಗಳಿಗೆ ಅದನ್ನು ನೋಡಿ ಹೇಳುವ ಸಂಸ್ಥೆ ನಮ್ಮದು. ಮಿಷಿಗನ್‌ನಲ್ಲಿ ಅಂಥ ಬಿಸಿಲಿಲ್ಲ. ಹಾಗಾಗಿ ಪ್ರತಿ ಬೇಸಿಗೆ ಟ್ರಕ್ಕುಗಳನ್ನು ಅರಿಜೋನಾದಲ್ಲಿದ್ದ ನಮ್ಮ ಟೆಸ್ಟ್ ಟ್ರ್ಯಾಕಿಗೆ ಕಳಿಸಿ, ಹಿಂದೆಯೇ ನಾವು ಡೆಟ್ರಾಯಿಟ್‌ನಿಂದ ವಿಮಾನ ಹತ್ತುತ್ತಿದ್ದೆವು. ಈಗ ಹೇಳಹೊರಟಿರುವುದು ಆ ಟ್ರ್ಯಾಕಿನ ಕೊನೆಯ ಬೇಸಿಗೆಯ ಮಾತು.

ನಾನು ಮೊದಲು ಹೋದಾಗ ಅದರ ಸುತ್ತ ಏನೂ ಇರಲಿಲ್ಲ. ಕಳ್ಳಿ, ಮುಳ್ಳುಪೊದೆ, ದೂರದಲ್ಲಿ ಬೋಳು ಗುಡ್ಡ. ಒಂದು ಬಾಟಲಿ ತಣ್ಣೀರು ಬೇಕೆಂದರೂ ಮೈಲಿಗಟ್ಟಲೆ ಡ್ರೈವ್ ಮಾಡಬೇಕಿತ್ತು. ಆಮೇಲೆ ಪ್ರತಿ ಬೇಸಿಗೆಗೂ ಊರು ಒಂದಷ್ಟು ಹತ್ತಿರ ಬಂತು. ಒಂದು ವರ್ಷ ಹೆದ್ದಾರಿಗೆ ಹೊಸ ಎಕ್ಸಿಟ್, ಇನ್ನೊಂದು ವರ್ಷ ಅದರ ಪಕ್ಕ ಪೆಟ್ರೋಲ್ ಬಂಕು, ಮತ್ತೊಂದು ವರ್ಷ ಶಾಲೆ. ಆ ಬೇಸಿಗೆ ಹೋಗಿ ನೋಡಿದರೆ ನಮ್ಮ ಪೂರ್ವದ ಬೇಲಿಗೆ ಅಂಟಿಕೊಂಡೇ ಒಂದು ಸಬ್‌ಡಿವಿಷನ್, ಅಂದರೆ ಹೊಸ ಬಡಾವಣೆ, ಎದ್ದಿತ್ತು. ಸಿಮೆಂಟ್ ಬ್ಲಾಕಿನ ಗೋಡೆ, ಅದರ ಹಿಂದೆ ಸಾಲಾಗಿ ಮಣ್ಣಿನ ಬಣ್ಣದ ಮನೆಗಳು, ಪ್ರತಿ ಮನೆಯ ಹಿತ್ತಲಲ್ಲಿ ಗೋಡೆಯ ಪಕ್ಕದಲ್ಲೇ ಕೂತ ಏಸಿಯ ದೊಡ್ಡ ಪೆಟ್ಟಿಗೆ.

ನಮ್ಮ ಮುಖ್ಯ ಪರೀಕ್ಷೆ ನಡೆಯುತ್ತಿದ್ದದ್ದು ಅದೇ ಪೂರ್ವದ ಬೇಲಿಯ ಉದ್ದಕ್ಕೂ ಇದ್ದ ನೇರ ರಸ್ತೆಯಲ್ಲಿ. ಟ್ರಕ್ಕಿನ ಹಿಂದೆ ಒಂದು ವಿಶೇಷ ಗಾಡಿ ಕಟ್ಟುತ್ತೇವೆ. ಅದರೊಳಗಿನ ಯಂತ್ರ ನಾವು ಹೇಳಿದಷ್ಟು ಬಲದಿಂದ ಟ್ರಕ್ಕನ್ನು ಹಿಂದಕ್ಕೆ ಜಗ್ಗುತ್ತದೆ. ಸಮತಟ್ಟು ರಸ್ತೆಯಲ್ಲೇ ಟ್ರಕ್ಕಿಗೆ ಘಾಟಿ ಹತ್ತಿದಷ್ಟು ಶ್ರಮ. ಎಂಜಿನ್ನು, ರೇಡಿಯೇಟರು, ಬಾನೆಟ್ಟಿನ ಕೆಳಗಿನ ರಬ್ಬರ್ ಕೊಳವೆಗಳಿಗೆಲ್ಲ ತಾಪ ಅಳೆಯುವ ಸಣ್ಣ ತಂತಿಗಳನ್ನು ಅಂಟಿಸಿರುತ್ತೇವೆ. ಗಾಳಿ ಕಡಿಮೆ ಇರಬೇಕು, ಮೋಡ ಇರಬಾರದು, ನೆರಳಿನ ತಾಪ ನೂರಾ ಹತ್ತು ಡಿಗ್ರಿ ಫ್ಯಾರನ್‌ಹೀಟಿನ ಹತ್ತಿರ ಇರಬೇಕು. ಅಂಥ ಹೊತ್ತು ಸಿಗುವುದು ಮಧ್ಯಾಹ್ನವೇ. ಆಕ್ಸಿಲರೇಟರ್ ಪೂರ್ತಿ ಒತ್ತಿ ಓಡಿಸುತ್ತಿದ್ದಂತೆ ರೇಡಿಯೇಟರ್ ಹಿಂದಿನ ದೊಡ್ಡ ಫ್ಯಾನು ತನ್ನೆಲ್ಲ ಶಕ್ತಿಯಿಂದ ತಿರುಗತೊಡಗುತ್ತದೆ. ತಲೆಯ ಮೇಲೆ ವಿಮಾನ ಹೋಗುವಾಗ ಕೇಳುವಂಥ ಸಪ್ಪಳ. ವಿಮಾನವಾದರೆ ಹಾದುಹೋಗುತ್ತದೆ, ಇದು ಹೋಗುವುದಿಲ್ಲ.

ಮೊದಲು ಕೈಕೊಟ್ಟದ್ದು ಹವಾಮಾನದ ಕಂಬ. ಹೊರಗಿನ ತಾಪ, ಗಾಳಿ, ಬಿಸಿಲನ್ನು ಅಳೆಯುವ ಉಪಕರಣಗಳಿದ್ದ ಆ ಕಂಬ ಪೂರ್ವದ ಬೇಲಿಯ ಬಳಿಯೇ ಇತ್ತು. ಅದು ತೋರಿಸುತ್ತಿದ್ದ ತಾಪಕ್ಕೂ ಊರಿನ ಬೇರೆ ಕಡೆಯ ತಾಪಕ್ಕೂ ತಾಳೆಯಾಗುತ್ತಿರಲಿಲ್ಲ. ಉಪಕರಣ ಕೆಟ್ಟಿದೆಯೆಂದು ಬದಲಾಯಿಸಿದೆವು. ಹೊಸದೂ ಅದನ್ನೇ ಹೇಳಿತು. ಪಶ್ಚಿಮದ ಬಯಲಲ್ಲಿ ಇನ್ನೊಂದು ಕಂಬ ನೆಟ್ಟು ಹೋಲಿಸಿ ನೋಡಿದಾಗ ವಿಷಯ ತಿಳಿಯಿತು: ಪೂರ್ವದ ಬದಿಯ ಗಾಳಿಯೇ ಹೆಚ್ಚು ಬಿಸಿಯಾಗಿತ್ತು. ಗೋಡೆ ಗಾಳಿಯನ್ನು ತಡೆಯುತ್ತಿತ್ತು. ಮನೆಗಳ ಒಳಗಿನ ಸೆಕೆಯನ್ನೆಲ್ಲ ಏಸಿ ಪೆಟ್ಟಿಗೆಗಳು ಹೊರಗೆ ಊದುತ್ತಿದ್ದವು. ಅದೇ ರಸ್ತೆಯಲ್ಲಿ ಅದೇ ಟ್ರಕ್ಕು, ಮನೆಗಳಿಲ್ಲದ ಅರ್ಧದಲ್ಲಿ ಪಾಸು, ಮನೆಗಳಿದ್ದ ಅರ್ಧದಲ್ಲಿ ಫೇಲು.

ಕಂಬವನ್ನು ಟ್ರ್ಯಾಕಿನ ನಡುವಿಗೆ ಒಯ್ದು ನಿಲ್ಲಿಸಿದರೆ ಕಂಬದ ಲೆಕ್ಕ ಸರಿಯಾದೀತೇ ಹೊರತು ಟ್ರಕ್ಕು ಕುಡಿಯುವ ಗಾಳಿ ಬದಲಾಗುವುದಿಲ್ಲ. ಆದರೂ ಒಯ್ದೆವು. ಅದಕ್ಕೇ ಜೂನ್ ತಿಂಗಳ ಒಳ್ಳೆಯ ಬಿಸಿಲೆಲ್ಲ ಕಳೆದುಹೋಯಿತು.

ಅಷ್ಟರಲ್ಲಿ ಸಬ್‌ಡಿವಿಷನ್ನಿನವರು ನಮ್ಮ ಟ್ರಕ್ಕಿನ ಸಪ್ಪಳದ ಬಗ್ಗೆ ಸಭೆ ಕರೆದರು. ಟ್ರ್ಯಾಕ್ ಮ್ಯಾನೇಜರ್ ಮತ್ತು ನಾನು ಹೋದೆವು. ಮ್ಯಾನೇಜರ್ ಆ ಕಡೆಯಲ್ಲೇ ಹುಟ್ಟಿ ಬೆಳೆದ ಬಿಳಿಯ, ಐವತ್ತು ದಾಟಿದವನು, ಮಾತು ಕಡಿಮೆ. ಸಭೆ ಅವರ ಕ್ಲಬ್‌ಹೌಸಿನಲ್ಲಿ. ಎಲ್ಲರ ಪರವಾಗಿ ಮಾತಾಡಿದವರು ಎಪ್ಪತ್ತರ ಆಸುಪಾಸಿನ ಒಬ್ಬ ಭಾರತೀಯ. ನೆಟ್ಟಗಿನ ನಿಲುವು, ಇಸ್ತ್ರಿ ಮಾಡಿದ ಅಂಗಿ. ಮನೆ ಮಾರುವಾಗ ಬಿಲ್ಡರ್ ಈ ಟ್ರ್ಯಾಕಿನ ಬಗ್ಗೆ ಹೇಳಲೇ ಇಲ್ಲವೆಂದೂ, ಹಿಂದಿರುವುದು ಖಾಲಿ ಜಾಗವೆಂದಷ್ಟೇ ಹೇಳಿದ್ದನೆಂದೂ ಅವರು ಇಂಗ್ಲಿಷ್‌ನಲ್ಲಿ ಖಾರವಾಗಿಯೇ ಹೇಳಿದರು. ಅವರ ಇಂಗ್ಲಿಷ್ ಕೇಳುತ್ತಲೇ ನನಗೆ ಅನುಮಾನ ಬಂದಿತ್ತು. ಸಭೆ ಮುಗಿದ ಮೇಲೆ ಅವರೇ ಬಂದು ನನ್ನ ಬ್ಯಾಡ್ಜ್ ಓದಿದರು.

"ಕನ್ನಡದವರೇನ್ರೀ?"

"ಹೌದು ಸಾರ್, ಮೈಸೂರು."

"ನಮ್ಮದು ಗದಗ." ಕೋಪ ಇನ್ನೂ ಇಳಿದಿರಲಿಲ್ಲ, ದನಿ ಮಾತ್ರ ಮೆತ್ತಗಾಯಿತು. "ಅಲ್ಲವಾ, ಮಧ್ಯಾಹ್ನದಾಗ ಹಂಗ್ಯಾಕ ಒದರಸ್ತೀರಿ ಆ ಟ್ರಕ್ಕ? ಮುಂಜಾನೆ ಓಡಸ್ಲಿಕ್ಕೆ ಬರೂದಿಲ್ಲೇನು?"

"ಬಿಸಿಲು ಜಾಸ್ತಿ ಇರೋ ಹೊತ್ತಲ್ಲೇ ಮಾಡ್ಬೇಕು ಅಂಕಲ್. ಬೆಳಿಗ್ಗೆ ಮಾಡಿದ್ರೆ ಅದು ಟೆಸ್ಟೇ ಅಲ್ಲ."

ಸಾರ್ ಅಂದವಳು ಆಗಲೇ ಅಂಕಲ್ ಅನ್ನತೊಡಗಿದ್ದೆ. ಅವರೂ ನನ್ನನ್ನು ಬಹುವಚನದಿಂದ ಬಿಡುಗಡೆ ಮಾಡಿದರು. "ನಾಳಿಗಿ ಮನಿಗೆ ಬಾ. ಕೂತು ಮಾತಾಡೂಣು," ಎಂದರು.

ಮರುದಿನ ಸಂಜೆಯ ಮೊದಲು ಹೋದೆ. ಅವರು ವೈದ್ಯರು. ಷಿಕಾಗೋದ ಪಶ್ಚಿಮದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ, ವೆಸ್ಟ್‌ಮಂಟ್‌ನಲ್ಲಿ ಮನೆ ಮಾಡಿಕೊಂಡು, ಮಗಳನ್ನು ಓದಿಸಿ ಮದುವೆ ಮಾಡಿ, ನಿವೃತ್ತರಾಗಿ ಇಲ್ಲಿಗೆ ಬಂದಿದ್ದರು. "ಚಳಿಗಾಲ ಪೂರಾ ಹಿಮ ಬಳದು ಬಳದು ಬ್ಯಾಸರಾಗಿತ್ತವಾ. ಅಕೀಗೂ ಮಣಕಾಲ ನೋವು. ಬಿಸಲಾಗ ಛಲೋ ಆಗತೈತಿ ಅಂತ ಬಂದ್ವಿ. ಬಂದ ಮ್ಯಾಲೆ ಕಿಡ್ನಿ ಕೈಕೊಟ್ಟೂವು," ಎಂದು ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿದರು. ವಾರಕ್ಕೆ ಮೂರು ಸಲ ಅವರ ಹೆಂಡತಿಗೆ, ಅಂದರೆ ಆಂಟಿಗೆ, ಡಯಾಲಿಸಿಸ್. ಮುಗಿಸಿ ಮಧ್ಯಾಹ್ನ ಮನೆಗೆ ಬರುವಾಗ ಜೀವದಲ್ಲಿ ತ್ರಾಣ ಇರುವುದಿಲ್ಲ. ಅವತ್ತೂ ಬಂದು ಮಲಗಿದ್ದರು.

"ಅಕೀಗೆ ರಾತ್ರಿ ನಿದ್ದಿಲ್ಲ. ಮಧ್ಯಾಹ್ನರೆ ಒಂದೀಟು ಮಲಗ್ಲಿ ಅಂದ್ರ ನಿಮ್ಮ ಟ್ರಕ್ಕ ಬಿಡೂದಿಲ್ಲ. ನಾ ಇಲ್ಲೇ ಕುರ್ಚಿ ಮ್ಯಾಲ ಕೂತು ಆ ಸಪ್ಪಳಕ್ಕ ಶಾಪ ಹಾಕ್ಕೋತ ಇರತೀನಿ."

ಅವರೇ ಟೀ ಮಾಡಿದರು. ಚಮಚ ಬಟ್ಟಲಿಗೆ ತಾಗದಂತೆ ಸಕ್ಕರೆ ಕಲಕಿದರು. ನಾವಿಬ್ಬರೂ ಪಿಸುದನಿಯಲ್ಲೇ ಮಾತಾಡುತ್ತಿದ್ದೆವು. ಹಿತ್ತಲಿಗೆ ಕರೆದುಕೊಂಡು ಹೋಗಿ ಗೋಡೆಯಾಚೆಯ ನಮ್ಮ ಬಯಲನ್ನು ತೋರಿಸಿದರು. ನನ್ನ ಟ್ರ್ಯಾಕನ್ನು ಆ ಕಡೆಯಿಂದ ನಾನು ನೋಡಿದ್ದು ಅದೇ ಮೊದಲು. ಹೊತ್ತು ಇಳಿಯುತ್ತಿತ್ತು. "ಸಂಜಿಗೆ ನಿಮ್ಮ ಕಡಿಂದ ಛಲೋ ಗಾಳಿ ಬರತೈತಿ, ಅದೊಂದು ಸುಖ," ಎಂದರು.

ಹೊರಡುವಾಗ ಕೇಳಿದರು, "ಎಬ್ಬಸ್ಲೇನು? ಕನ್ನಡದಾಕಿ ಬಂದಾಳ ಅಂದ್ರ ಖುಷಿ ಆಗತಾಳ."

"ಬೇಡ ಅಂಕಲ್, ಮಲಗಿರ್ಲಿ ಪಾಪ."

ಅವರನ್ನು ಎಬ್ಬಿಸಿ ಎಂದು ನಾನು ಹೇಳಬೇಕಿತ್ತು. ಅದು ಆಗ ಹೊಳೆಯುವ ಮಾತಲ್ಲ.

ಟ್ರ್ಯಾಕಿಗೆ ಬಂದು ವೇಳಾಪಟ್ಟಿ ಬದಲಾಯಿಸಿದೆ. ಆಂಟಿಗೆ ಡಯಾಲಿಸಿಸ್ ಇರುವ ದಿನಗಳಲ್ಲಿ ಪೂರ್ವದ ರಸ್ತೆಯಲ್ಲಿ ಟ್ರಕ್ಕು ಓಡಿಸುವುದಿಲ್ಲ ಎಂದೆ. ಮ್ಯಾನೇಜರ್ ನನ್ನನ್ನೇ ನೋಡಿದ. "ಒಂದು ಮನೆಗೋಸ್ಕರವಾ?" ಎಂದ. ಹೌದೆಂದೆ. ಆತ ವಾದ ಮಾಡಲಿಲ್ಲ. ಆದರೆ ಆತನ ತಲೆಯಲ್ಲಿ ಬೇರೆ ಉಪಾಯವಿತ್ತು. ಗೋಡೆಯ ಉದ್ದಕ್ಕೂ ನಮ್ಮ ಕಡೆ ಎತ್ತರದ ಮಣ್ಣಿನ ದಿಬ್ಬ ಹಾಕಿದರೆ ಸಪ್ಪಳ ಅರ್ಧಕ್ಕರ್ಧ ತಗ್ಗುತ್ತದೆ, ರಸ್ತೆಯನ್ನೂ ಸ್ವಲ್ಪ ಒಳಕ್ಕೆ ಎಳೆದರೆ ಏಸಿಗಳ ಬಿಸಿಗಾಳಿಯೂ ತಪ್ಪುತ್ತದೆ ಎಂಬುದು ಆತನ ಲೆಕ್ಕ. ಮಣ್ಣು ನಮ್ಮಲ್ಲೇ ಇತ್ತು, ಯಂತ್ರಗಳೂ ಇದ್ದವು.

ಇಲ್ಲದ್ದು ನೀರು. ಮರುಭೂಮಿಯಲ್ಲಿ ಮಣ್ಣು ಎತ್ತಿ ಹಾಕಬೇಕಾದರೆ ಧೂಳು ಏಳದ ಹಾಗೆ ದಿನವಿಡೀ ನೀರು ಚಿಮುಕಿಸುತ್ತಿರಬೇಕು, ದಿಬ್ಬ ಗಟ್ಟಿಯಾಗಲೂ ನೀರು ಬೇಕು. ಅದಿಲ್ಲದೆ ನಗರಸಭೆ ಅನುಮತಿ ಕೊಡುವುದಿಲ್ಲ. ನಾವು ಅರ್ಜಿ ಹಾಕಿದೆವು. ನೀರಿನ ಅಭಾವದಿಂದ ಹೊಸ ಕಟ್ಟಡ ಕೆಲಸಕ್ಕೆ ನೀರು ಕೊಡುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ ಎಂದು ಉತ್ತರ ಬಂತು. ಉತ್ತರ ಬಂದ ದಿನ ಮ್ಯಾನೇಜರ್ ನನ್ನನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಉತ್ತರದ ಬೇಲಿಯ ಹತ್ತಿರ ಕರೆದುಕೊಂಡು ಹೋದ. ಆಚೆ ಬದಿಯಲ್ಲಿ ಇನ್ನೊಂದು ಸಬ್‌ಡಿವಿಷನ್ನಿಗಾಗಿ ನೆಲ ಸಮ ಮಾಡುತ್ತಿದ್ದರು. ಟ್ಯಾಂಕರ್ ನೀರು ಚಿಮುಕಿಸುತ್ತ ಹೋಗುತ್ತಿತ್ತು. ನೆಲಕ್ಕೆ ಬಿದ್ದ ನೀರು ನಾವು ನೋಡುನೋಡುತ್ತಿದ್ದಂತೆಯೇ ಆರುತ್ತಿತ್ತು.

"ಇವರಿಗೆ ನೀರಿದೆಯಲ್ಲ?" ಎಂದೆ.

"ಇವರಿಗೆ ಬಹಳ ವರ್ಷದ ಹಿಂದೆಯೇ ಅನುಮತಿ ಸಿಕ್ಕಿದೆ. ಕೊಟ್ಟ ಮಾತು ಹಿಂತೆಗೆದುಕೊಳ್ಳೋಕೆ ಆಗಲ್ಲ. ನಾವು ತಡವಾಗಿ ಕೇಳಿದೆವು," ಎಂದ. ಪಿಕಪ್ಪನ್ನು ತಿರುಗಿಸುತ್ತ, "ಇನ್ನೊಂದು ಬೇಸಿಗೆ ತಡೆದರೆ ನಮಗೂ ಕೊಡ್ತಾರೆ. ನಗರಸಭೆಯಲ್ಲಿ ನನಗೆ ಪರಿಚಯದವರಿದ್ದಾರೆ," ಎಂದ.

ಆ ಬೇಸಿಗೆ ಮಾತ್ರ ಕೈಬಿಟ್ಟುಹೋಯಿತು. ಜುಲೈನಲ್ಲಿ ಮಧ್ಯಾಹ್ನದ ಮೋಡಗಳು ಶುರುವಾದವು. ಡಯಾಲಿಸಿಸ್ ಇಲ್ಲದ ದಿನವೇ ಮೋಡ, ಮೋಡವಿಲ್ಲದ ದಿನ ಧೂಳಿನ ಬಿರುಗಾಳಿ. ಎರಡೂ ಇಲ್ಲದೆ ಒಳ್ಳೆಯ ಬಿಸಿಲಿದ್ದ ಒಂದು ದಿನ ಟ್ರಕ್ಕನ್ನು ತಂದು ನಿಲ್ಲಿಸಿಕೊಂಡು ನಾವು ಸುಮ್ಮನೆ ಕೂತೆವು. ಅದು ಆಂಟಿಯ ದಿನವಾಗಿತ್ತು. ಡ್ರೈವರುಗಳು ಶೆಡ್ಡಿನ ನೆರಳಲ್ಲಿ ಇಸ್ಪೀಟು ಆಡಿದರು. ಗೋಡೆಯಾಚೆ ಆಂಟಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಸಮಾಧಾನಪಟ್ಟೆ. ಟ್ರಕ್ಕಿನ ಕಂಪನಿಯವರಿಗೆ ಕೊಡಬೇಕಾದ ಫಲಿತಾಂಶ ಮಾತ್ರ ಅರ್ಧವೂ ಆಗಿರಲಿಲ್ಲ.

ಪ್ಲಿಮತ್‌ಗೆ ವಾಪಸಾದ ಮೇಲೆ ಉಳಿದ ಪರೀಕ್ಷೆಯನ್ನು ಡಿಯರ್‌ಬಾರ್ನ್ ಬಳಿ ಬಾಡಿಗೆಗೆ ಹಿಡಿದ ಗಾಳಿ ಸುರಂಗದಲ್ಲಿ ಮಾಡಿ ನೋಡಿದೆವು. ದೊಡ್ಡ ಕೋಣೆ, ಎದುರಿಗೆ ಬೃಹತ್ ಫ್ಯಾನು, ಮೇಲೆ ಸೂರ್ಯನ ಬದಲಿಗೆ ದೀಪಗಳು, ಚಕ್ರಗಳ ಕೆಳಗೆ ಉರುಳುವ ಸಿಲಿಂಡರುಗಳು. ಹೊರಗೆ ಮೇಪಲ್ ಎಲೆಗಳು ಕೆಂಪಾಗುತ್ತಿದ್ದವು. ಒಳಗೆ ಗುಂಡಿ ಒತ್ತಿದರೆ ಅರಿಜೋನಾ. ಮೋಡವಿಲ್ಲ, ಧೂಳಿಲ್ಲ, ನೆರೆಹೊರೆಯಿಲ್ಲ. ಬಾನೆಟ್ಟಿನ ಕೆಳಗಿನ ಕೆಲವು ಕಡೆ ಮಾತ್ರ ಹಳೆಯ ಟ್ರ್ಯಾಕಿನ ಅಂಕಿಗಳಿಗೂ ಇಲ್ಲಿಯ ಅಂಕಿಗಳಿಗೂ ಕೊಂಚ ವ್ಯತ್ಯಾಸ ಬಂತು. ಸುಡುವ ರಸ್ತೆಯ ಮೇಲಿಂದ ಏಳುವ ಝಳ ಈ ಕೋಣೆಯಲ್ಲಿ ಇಲ್ಲ. ಅದನ್ನು ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬಹುದು ಎನಿಸಿತು.

ಮುಂದಿನ ವರ್ಷಕ್ಕೆ ಏನು ಮಾಡುವುದೆಂದು ನಿರ್ಧರಿಸಲು ಡೈರೆಕ್ಟರ್ ಮೀಟಿಂಗ್ ಕರೆದರು. ನಮ್ಮ ವಿಭಾಗದ ಮುಖ್ಯಸ್ಥೆ ಅವರು. ಮ್ಯಾನೇಜರ್ ಅರಿಜೋನಾದಿಂದ ಸ್ಕ್ರೀನಿನ ಮೇಲಿದ್ದ. ಹಿಂದೆ ಕಿಟಕಿ, ಕಿಟಕಿಯಾಚೆ ಬಿಳಿ ಬೆಳಕು. ಇನ್ನೊಂದೇ ಬೇಸಿಗೆ ಕೊಡಿ, ದಿಬ್ಬ ಹಾಕಿಸಿ ತೋರಿಸುತ್ತೇನೆ ಎಂದು ಕೇಳಿಕೊಂಡ. ಡೈರೆಕ್ಟರ್ ನನ್ನ ಕಡೆ ತಿರುಗಿ, "ನಿನ್ನ ಅಭಿಪ್ರಾಯವೇ ಮುಖ್ಯ. ಡೇಟಾ ನಂಬಬಹುದಾ?" ಎಂದರು.

ನಂಬಲಾಗದು ಎಂದೆ. ಅದು ನಿಜ. ದಿಬ್ಬ ಹಾಕಿದರೂ ಉತ್ತರದಲ್ಲಿ ಮನೆಗಳೇಳುತ್ತಿವೆ, ನಾಳೆ ದಕ್ಷಿಣದಲ್ಲೂ ಏಳುತ್ತವೆ, ಹೀಗೆ ಪ್ರತಿವರ್ಷ ಹಿಂದೆ ಸರಿಯುತ್ತ ಹೋಗುವುದಕ್ಕಿಂತ ಸುರಂಗಕ್ಕೆ ಬರುವುದೇ ಲೇಸು ಎಂದೆ. ಅದೂ ನಿಜ. ಮುಚ್ಚಿದ ಬಾಗಿಲ ಹಿಂದೆ ಮಲಗಿದ್ದ, ನಾನು ಮುಖವನ್ನೇ ನೋಡದ ಒಬ್ಬರ ನಿದ್ದೆಯೂ ನನ್ನ ತಲೆಯಲ್ಲಿತ್ತು ಎಂಬುದನ್ನು ಮಾತ್ರ ಅಲ್ಲಿ ಹೇಳಲಿಲ್ಲ. ಹೇಳುವಂಥ ಜಾಗವಾಗಿರಲಿಲ್ಲ ಅದು.

ಮ್ಯಾನೇಜರ್ ಒಂದೇ ಪ್ರಶ್ನೆ ಕೇಳಿದ. "ನಾವು ಬಿಟ್ಟರೆ ಈ ಜಾಗ ಏನಾಗುತ್ತೆ?"

ಅದು ಬೇರೆ ವಿಭಾಗದ ವಿಷಯ ಎಂದರು ಡೈರೆಕ್ಟರ್. ನಾನೂ ಹಾಗೇ ಅಂದುಕೊಂಡೆ. ಟ್ರ್ಯಾಕ್ ಮುಚ್ಚಿ, ಬೇಲಿ ಹಾಗೇ ಬಿಟ್ಟು, ಬಯಲು ಬಯಲಾಗಿಯೇ ಇರುತ್ತದೆ ಎಂಬಂಥ ಒಂದು ಚಿತ್ರ ನನ್ನ ಮನಸ್ಸಿನಲ್ಲಿತ್ತೇನೋ. ಊರು ಹೇಗೆ ಬೆಳೆಯುತ್ತದೆಂದು ಬೇಸಿಗೆ ಬೇಸಿಗೆಗೂ ನೋಡಿದವಳಿಗೆ ಅಷ್ಟು ಗೊತ್ತಾಗಬೇಕಿತ್ತು.

ಚಳಿಗಾಲ ಮುಗಿಯುವ ಮೊದಲೇ ಜಾಗ, ನೀರಿನ ಹಳೆಯ ಅನುಮತಿ ಕೈಯಲ್ಲಿದ್ದ ಉತ್ತರದ ಬಿಲ್ಡರಿಗೆ ಹೋಯಿತು. ಮ್ಯಾನೇಜರ್‌ಗೆ ಮಿಷಿಗನ್‌ನಲ್ಲಿ ಕೆಲಸ ಕೊಡುತ್ತೇವೆಂದರು. ಆತ ಒಪ್ಪಲಿಲ್ಲ. ಗಾಡಿಗಳನ್ನು ಹಸ್ತಾಂತರಿಸಲು ಒಮ್ಮೆ ಪ್ಲಿಮತ್‌ಗೆ ಬಂದವನು ನನ್ನ ಕೈ ಕುಲುಕಿ, "ಸುರಂಗ ಚೆನ್ನಾಗಿದೆ," ಎಂದಷ್ಟೇ ಹೇಳಿ ಹೋದ. ಆತನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ಅಂಕಲ್ ಮೊದಲ ಸಲ ಫೋನ್ ಮಾಡಿದಾಗ ಗೆದ್ದ ಹುರುಪಿನಲ್ಲಿದ್ದರು. "ಭಾಳ ಉಪಕಾರಾತವಾ, ನಮ್ಮ ಮಾತಿಗೆ ಬೆಲೆ ಕೊಟ್ರಿ." ಎರಡನೆಯ ಸಲ ಮಾಡಿದಾಗ ಹಿನ್ನೆಲೆಯಲ್ಲಿ ಯಂತ್ರದ ಸದ್ದು ಎಷ್ಟಿತ್ತೆಂದರೆ ಅವರ ಮಾತು ಕೇಳಲು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. ನಮ್ಮ ಟ್ರಕ್ಕು ಬೇಸಿಗೆಯ ಕೆಲವು ಮಧ್ಯಾಹ್ನ ಮಾತ್ರ ಓಡುತ್ತಿತ್ತು. ಬುಲ್‌ಡೋಜರುಗಳು ವರ್ಷವಿಡೀ ಬೆಳಗಿನಿಂದ ಸಂಜೆಯವರೆಗೆ ಓಡಿದವು. ಆಮೇಲೆ ಮನೆಗಳು ಬಂದವು. ಸಂಜೆಯ ಗಾಳಿ ನಿಂತುಹೋಯಿತು. "ರಾತ್ರಿನೂ ಗ್ವಾಡಿ ಮುಟ್ಟಿದ್ರ ಬೆಚ್ಚಗಿರತಾವ. ಏಸಿ ಬಂದ್ ಮಾಡಾಂಗಿಲ್ಲ," ಎಂದರು ಇನ್ನೊಮ್ಮೆ. ಹೊಸದಾಗಿ ಬಂದವರಿಂದ ಡಯಾಲಿಸಿಸ್ ಸೆಂಟರ್ ತುಂಬಿ, ಆಂಟಿಯ ಹೊತ್ತು ಬದಲಾಗಿ, ಅವರು ನಸುಕಿನಲ್ಲೇ ಹೊರಡಬೇಕಾಯಿತು. ಹಾದಿಯುದ್ದಕ್ಕೂ ಟ್ರಾಫಿಕ್. ಕೊನೆಗೆ ಮನೆ ಮಾರಿ ಅವರು ವೆಸ್ಟ್‌ಮಂಟ್‌ಗೆ, ಮಗಳಿರುವ ಡೌನರ್ಸ್ ಗ್ರೋವ್‌ಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿಗೆ ವಾಪಸ್ ಬಂದರು.

ಆ ಸುದ್ದಿ ಹೇಳಿದ ದಿನ ಅಂಕಲ್ ಅಂದ ಮಾತು ನನ್ನನ್ನು ಬಿಡಲಿಲ್ಲ. "ಎಲ್ಲಾ ನಾನ ಮಾಡಿದ್ದವಾ. ನಾನ ಮುಂದ ನಿಂತು ನಿಮ್ಮನ್ನ ಓಡಿಸಿದೆ. ಓಣಿ ಮಂದೀಗೆಲ್ಲಾ ನನ್ನಿಂದ ತ್ರಾಸಾತು." ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು ಒಂದು ಶನಿವಾರ ಕಾರು ಹತ್ತಿ ಹೊರಟೆ.

ಎರಡು ಕೋಣೆಗಳ ಚಿಕ್ಕ ಮನೆ. ಬಾಗಿಲು ತೆರೆದವರು ಆಂಟಿ. ನಾನವರನ್ನು ನೋಡಿದ್ದು ಅದೇ ಮೊದಲು. ಸಣ್ಣ ಮೈ, ಬೆಳ್ಳಗಾದ ಗಟ್ಟಿ ಜಡೆ, ಸ್ವೆಟರಿನ ತೋಳಿನೊಳಗೆ ಡಯಾಲಿಸಿಸ್ ಸೂಜಿಗಳಿಂದ ಊದಿದ ಕೈ. "ಬಾರವಾ. ನಿನ್ನ ಹೆಸರ ಕೇಳಿ ಕೇಳಿ ಸಾಕಾಗೇತಿ," ಎಂದು ನಕ್ಕರು. ಹೊರಗೆ ತೆಳುವಾಗಿ ಹಿಮ ಬೀಳುತ್ತಿತ್ತು. ಅಂಕಲ್ ಸೊರಗಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ.

ನಾನು ಸುತ್ತುಬಳಸದೆ ಹೇಳಿದೆ. "ಅಂಕಲ್, ನೀವು ಓಡಿಸ್ಲಿಲ್ಲ. ನಿಮ್ಮ ಕಂಪ್ಲೇಂಟ್‌ನಿಂದ ಟ್ರ್ಯಾಕ್ ಮುಚ್ಚಿದ್ದಲ್ಲ. ಮುಚ್ಚೋದು ಒಳ್ಳೇದು ಅಂತ ಹೇಳಿದ್ದು ನಾನು. ಡೇಟಾ ಹಾಳಾಗಿತ್ತು. ಮತ್ತೆ… ಆಂಟಿ ನಿದ್ದೆ ವಿಷ್ಯಾನೂ ಮನಸ್ಸಲ್ಲಿತ್ತು. ಇನ್ನೊಂದು ವರ್ಷ ಬಿಡಿ ಅಂತ ನಮ್ಮ ಮ್ಯಾನೇಜರ್ ಕೇಳ್ದ. ನಾನೇ ಬೇಡ ಅಂದೆ."

ಅಂಕಲ್ ಬಾಯಿ ತೆರೆಯುವ ಮೊದಲೇ ಆಂಟಿ ಕೇಳಿದರು.

"ನನ್ನ ನಿದ್ದಿ? ನನ್ನ ನಿದ್ದೀಗೇನಾಗಿತ್ತು?"

"ನಿಮಗೆ ಮಧ್ಯಾಹ್ನ ನಮ್ಮ ಟ್ರಕ್ಕಿಂದ ನಿದ್ದೆ ಬರ್ತಿರ್ಲಿಲ್ಲ ಅಂತ… ಡಯಾಲಿಸಿಸ್ ದಿನ ನಾವು ಓಡಿಸ್ತಾನೂ ಇರ್ಲಿಲ್ಲ ಆಂಟಿ."

ಅವರು ಗಂಡನ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ಅದಕ್ಕೇನು ಬಂದ್ ಮಾಡಿದ್ರಿ? ಅಯ್ಯ! ಆ ಸಪ್ಪಳ ಇದ್ದಾಗನ ನನಗ ಕಣ್ಣ ಹತ್ತತಿದ್ವು. ನಮ್ಮ ತವರಮನಿ ಬಾಜೂಕ ಹಿಟ್ಟಿನ ಗಿರಣಿ ಇತ್ತು. ಹೊರಗ ಯಾರೋ ಕೆಲಸ ಮಾಡಾಕತ್ತಾರ, ಮಂದಿ ಅದಾರ ಅನಸ್ತಿತ್ತು. ಆ ಅರಿಜೋನಾ ಮನ್ಯಾಗ ಅದೊಂದ ಸಪ್ಪಳ. ನೀವು ಬಂದ್ ಮಾಡಿದ ಮ್ಯಾಲೆ ಸುಮ್ನ ಮ್ಯಾಲ ನೋಡ್ಕೋತ ಮಲಗಿರತಿದ್ದೆ."

"ನಿದ್ದಿ ಬರವಲ್ದು ಅಂತ ನೀನ ಅಂದಿದ್ದಿ," ಎಂದರು ಅಂಕಲ್. ದನಿ ಬಹಳ ಸಣ್ಣಗಾಗಿತ್ತು.

"ರಾತ್ರಿ ಬರವಲ್ದು ಅಂದಿದ್ದೆ. ಮಧ್ಯಾಹ್ನದ್ದು ನನ್ನ ಯಾರು ಕೇಳಿದ್ರಿ?"

ಆಂಟಿಯ ಮಾತಲ್ಲಿ ಸಿಟ್ಟಿರಲಿಲ್ಲ. ಯಾವುದೋ ಅಡಿಗೆಗೆ ಉಪ್ಪು ಹಾಕಿದಿರಾ ಎಂದು ಕೇಳಿದಂತೆ ಕೇಳಿದ್ದರು. ಅಂಕಲ್ ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಒಂದು ಬಾಗಿಲು ತಟ್ಟಿ ಕೇಳಿದ್ದರೆ ಮನೆಗಳು ಏಳುವುದು ನಿಲ್ಲುತ್ತಿರಲಿಲ್ಲ, ಹಾಳಾದ ಡೇಟಾ ಸರಿಹೋಗುತ್ತಿರಲಿಲ್ಲ. ಆದರೆ ಇನ್ನೊಂದು ಬೇಸಿಗೆ ಇರಲಿ ಎಂದು ನಾನು ಹೇಳಿರುತ್ತಿದ್ದೆ. ಆ ಒಂದು ಬೇಸಿಗೆಯಲ್ಲಿ ಮ್ಯಾನೇಜರ್ ದಿಬ್ಬ ಹಾಕಿಸುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಈಗಿಲ್ಲ.

ಆಂಟಿ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು. "ಇಬ್ರೂ ಹಿಂಗ ಮಾಡಿದ್ರ ಹೆಂಗ? ರೊಟ್ಟಿ ಮಾಡೇನಿ. ಮಿಷಿಗನ್ ದೂರೈತಿ, ಉಂಡು ಹೋಗವಾ," ಎಂದು ಗಂಡನ ತೋಳು ಮುಟ್ಟಿ, "ನೀವೂ ಬರ್ರಿ," ಎಂದರು. ಅಂಕಲ್ ತಿರುಗಲಿಲ್ಲ. ಆಂಟಿ ಅಲ್ಲೇ ಅವರ ಪಕ್ಕದಲ್ಲಿ ನಿಂತು, ಕೆಳಗಿನ ಪಾರ್ಕಿಂಗಿನಲ್ಲಿ ಯಾರೋ ಸಪ್ಪಳ ಮಾಡುತ್ತ ಹಿಮ ಬಳಿಯುವ ಯಂತ್ರ ಓಡಿಸುತ್ತಿದ್ದುದನ್ನು ನೋಡತೊಡಗಿದರು.